ಕಾರಣ ತಿಳಿಯದ ಉದರಶೂಲೆಯೂ ಅದರ ಮುಂದಿನ ಗತಿಯೂ

ಹಠಾತ್ತನೆ ತೀವ್ರ ಉದರಶೂಲೆಗೆ ಈಡಾಗಿ ಆಸ್ಪತ್ರೆಗೆ ಬರುವವರಲ್ಲಿ ಹಲವರಿಗೆ ಅಪೆಂಡಿಕ್ಸಿನ ಉರಿಯೂತವೋ ಪಿತ್ತಕೋಶದ ಕಲ್ಲೋ ಕಾರಣವೆಂದು ಗೊತ್ತಾಗುತ್ತದೆ. ಮತ್ತೆ ಕೆಲವರಲ್ಲಿ ಪರೀಕ್ಷೆಗಳೆಲ್ಲ ಮುಗಿದರೂ ಕಾರಣ ಕಾಣದು. ಇದನ್ನು ಅನಿರ್ದಿಷ್ಟ ಉದರಶೂಲೆ ಎನ್ನಬಹುದು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ವೈದ್ಯ ಡಿ ಡೊಂಬಾಲ್ ಅವರ ನೇತೃತ್ವದಲ್ಲಿ ಹಲವು ದೇಶಗಳ ಹತ್ತು ಸಾವಿರಕ್ಕೂ ಮಿಕ್ಕ ರೋಗಿಗಳ ಸಮೀಕ್ಷೆ ನಡೆದಾಗ, ಸುಮಾರು ಮೂರರಲ್ಲಿ ಒಂದು ಪಾಲು ಜನ ಈ ವರ್ಗಕ್ಕೆ ಸೇರಿದ್ದರು.

ಇವರ ಮುಂದಿನ ಗತಿಯೇನು? ಬಹುಮಂದಿಗೆ ನೋವು ಕೆಲವೇ ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ. ಕೆಲವರಿಗೆ ಮರುಕಳಿಸುತ್ತದೆ. ಐವತ್ತು ವರ್ಷ ದಾಟಿದ ಕೆಲವರಲ್ಲಿ ತಿಂಗಳುಗಳ ಬಳಿಕ ಕರುಳಿನ ಅರ್ಬುದರೋಗ ಬಯಲಾಗುವುದುಂಟು. ಆದುದರಿಂದ ‘ಕಾರಣ ಸಿಕ್ಕಲಿಲ್ಲ’ ಎಂಬ ಮಾತಿಗೆ ‘ರೋಗವಿಲ್ಲ’ ಎಂಬ ಅರ್ಥವನ್ನು ಕಲ್ಪಿಸಬಾರದು.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಈ ಎಚ್ಚರಿಕೆಗೆ ವಿಶೇಷ ಕಾರಣಗಳಿವೆ. ಇವು ಹೊಗೆಸೊಪ್ಪಿನ ಸೀಮೆ. ಮುಂಗಾರಿನಲ್ಲಿ ಬೆಳೆದ ಸೊಪ್ಪನ್ನು ಮಳೆಗಾಲದಲ್ಲಿಯೇ ಕೀಳಬೇಕಾಗುತ್ತದೆ. ಎಲೆಯಲ್ಲಿರುವ ನಿಕೋಟಿನ್ ನೀರಿನಲ್ಲಿ ಕರಗುವ ವಸ್ತು; ಮಳೆಯಿಂದಲೋ ಇಬ್ಬನಿಯಿಂದಲೋ ನೆನೆದ ಎಲೆಯನ್ನು ಮುಟ್ಟಿದವರ ಚರ್ಮದ ಮೂಲಕ ರಕ್ತವನ್ನು ಸೇರುತ್ತದೆ. ವಾಕರಿಕೆ, ವಾಂತಿ, ತಲೆಸುತ್ತು, ಹೊಟ್ಟೆಯ ಹಿಂಡುನೋವು ಇದರ ಲಕ್ಷಣಗಳು. ಬೀಡಿ ಸೇದದವರನ್ನೂ ಇದು ಬಿಡದು. ಕೆಲಸ ನಿಲ್ಲಿಸಿದರೆ ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ; ಮತ್ತೆ ಹೊಲಕ್ಕಿಳಿದರೆ ಮರುಕಳಿಸಬಹುದು. ಕೀಟನಾಶಕದ ವಿಷವೂ ಇಂಥದೇ ಲಕ್ಷಣಗಳನ್ನು ತೋರಬಲ್ಲುದಾದ ಕಾರಣ ಅದನ್ನೂ ವಿಚಾರಿಸತಕ್ಕದ್ದು.

ಎರಡನೆಯದು ಕುಡುಗೋಲು ಕಣದ ರಕ್ತಹೀನತೆ. ಅಮೆರಿಕದ ಹೆರಿಕ್ 1910ರಲ್ಲಿ ವರ್ಣಿಸಿದ ಈ ಆನುವಂಶಿಕ ವ್ಯಾಧಿಯನ್ನು ಭಾರತದಲ್ಲಿ ಲೇಮನ್ ಮತ್ತು ಕಟ್‌ಬುಷ್ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಗುರುತಿಸಿದರು. ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನ ಹಾಡಿಗಳಲ್ಲಿಯೂ ಇದನ್ನು ನೆನಪಿನಲ್ಲಿಡಬೇಕು. ಆಮ್ಲಜನಕವೋ ನೀರೋ ಕಡಿಮೆಯಾದಾಗ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ ಕಿರುನಾಳಗಳನ್ನು ಕಟ್ಟುತ್ತವೆ. ಆಗ ಹುಟ್ಟುವ ಹೊಟ್ಟೆನೋವು ಶಸ್ತ್ರಕ್ರಿಯೆ ಬೇಡುವ ರೋಗವನ್ನೇ ಹೋಲುವುದುಂಟು. ರೋಗವನ್ನು ಗುರುತಿಸದಿದ್ದರೆ ಅನಗತ್ಯ ಶಸ್ತ್ರಕ್ರಿಯೆ ನಡೆಯಬಹುದು. ಕಾಲಕ್ರಮದಲ್ಲಿ ಗುಲ್ಮವು ನಿಷ್ಕ್ರಿಯವಾಗಿ ಸೋಂಕುಗಳು ಪ್ರಬಲವಾಗುತ್ತವೆ. ಗುರುತಿಸಿದರೆ ಹೈಡ್ರಾಕ್ಸಿಯೂರಿಯಾ ಔಷಧದಿಂದ ನೋವಿನ ಆವೃತ್ತಿಗಳನ್ನು ಕಡಿಮೆಮಾಡಬಹುದು. ಬುಡಕಟ್ಟು ಪ್ರದೇಶಗಳಲ್ಲಿ ಇದರ ತಪಾಸಣೆಗಾಗಿ ರಾಷ್ಟ್ರೀಯ ಅಭಿಯಾನವೊಂದು 2023ರ ಜುಲೈ 1ರಂದು ಆರಂಭವಾಯಿತು.

ಹೀಗೆ, ಮೊದಲ ದಿನದ ಪರೀಕ್ಷೆ ಹೇಳಲಾರದುದನ್ನು ನೋವಿನ ಮುಂದಿನ ನಡೆ ಹೇಳಬಲ್ಲುದು. ಸೊಪ್ಪು ಕೀಳುವ ದಿನಗಳಲ್ಲಿ ಮಾತ್ರ ಬಂದು ಹೋಗುವ ನೋವು ಒಂದು ಬಗೆ. ಋತುವನ್ನು ಲೆಕ್ಕಿಸದೆ ರಕ್ತಹೀನತೆ, ಕಣ್ಣಿನ ಹಳದಿಗಳೊಡನೆ ಮರುಕಳಿಸುವುದು ಇನ್ನೊಂದು. ವಯಸ್ಸಾದವರಲ್ಲಿ ತೂಕವಿಳಿಯುತ್ತ ಬರುವುದು ಮತ್ತೊಂದು. ರೋಗಿಯ ಕಸುಬು, ನೋವು ಬಂದ ತಿಂಗಳು, ಮನೆಯವರಲ್ಲಿ ಇಂಥ ನೋವಿನ ಪೂರ್ವವೃತ್ತಾಂತ: ಈ ಮೂರನ್ನು ಚೀಟಿಯಲ್ಲಿ ಬರೆದು, ನೋವು ನಿಂತ ಮೇಲೆಯೂ ಮರಳಿ ಬರಹೇಳುವುದಕ್ಕೆ ದುಬಾರಿ ಯಂತ್ರವೇನೂ ಬೇಕಿಲ್ಲ. ಕಾರಣ ತಿಳಿಯದ ನೋವುಗಳಲ್ಲಿ ಕೆಲವಕ್ಕಾದರೂ ಕಾರಣ ದೊರೆಯುವುದು ಈ ಮಾರ್ಗದಿಂದಲೇ.