ಕಾಳಿನ ಲೆಕ್ಕ, ರೊಕ್ಕದ ಲೆಕ್ಕ: ದಂಡೋತಿ ಸೀಮೆಯ ಗ್ರಾಮೀಣ ವ್ಯವಹಾರ (೧೯೦೦-೧೯೪೮)

ಚಿತ್ತಾಪುರದಿಂದ ಕಲಬುರಗಿಗೆ ಹೋಗುವ ದಾರಿಯಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ದಂಡೋತಿ ಗ್ರಾಮವಿದೆ. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಇಲ್ಲಿನ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ಇಂದಿಗೂ ಅಪರೂಪವಲ್ಲ. ಸೇತುವೆಗಳಿಲ್ಲದ ಕಾಲದಲ್ಲಿ ಈ ನದಿಯೇ ಎರಡೂ ದಂಡೆಗಳ ವ್ಯಾಪಾರದ ಕಾಲಮಾನವನ್ನು ನಿರ್ಧರಿಸುತ್ತಿತ್ತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಚಿಂಚೋಳಿ, ಸೇಡಂ, ಚಿತ್ತಾಪುರ ಭಾಗಗಳನ್ನು ಹಾದು ಭೀಮೆಯನ್ನು ಸೇರುವ ಈ ಹೊಳೆಯ ಸೀಮೆಯನ್ನು ಇತಿಹಾಸಕಾರರು ಹೆಚ್ಚಾಗಿ ಮಳಖೇಡದ ರಾಷ್ಟ್ರಕೂಟರು, ನಾಗಾವಿಯ ಘಟಿಕಾಸ್ಥಾನ ಇವುಗಳ ಮೂಲಕವೇ ಗುರುತಿಸಿದ್ದಾರೆ. ಅದು ಸಹಜ. ಆದರೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಲ್ಲಿಯ ಒಕ್ಕಲಿಗ, ಕೂಲಿಕಾರ, ಕುಶಲಕರ್ಮಿ ಏನನ್ನು ಕೊಟ್ಟು ಏನನ್ನು ಕೊಳ್ಳುತ್ತಿದ್ದರು ಎಂಬ ಪ್ರಶ್ನೆಗೆ ಶಾಸನಗಳು ಉತ್ತರಿಸಲಾರವು. ಆ ಕಾಲವನ್ನು ಸ್ವತಃ ಬಾಳಿ ಕಂಡವರು ಈಗ ಇಲ್ಲವೆನ್ನುವಷ್ಟು ಕಡಿಮೆ. ಉಳಿದಿರುವುದು ಮಕ್ಕಳು ಮೊಮ್ಮಕ್ಕಳ ನೆನಪು, ಕೆಲವು ಆಚರಣೆ, ಮುಖ್ಯವಾಗಿ ಆಡುಮಾತಿನಲ್ಲಿ ಅಂಟಿಕೊಂಡಿರುವ ವ್ಯವಹಾರದ ಶಬ್ದಗಳು. ಪ್ರಸ್ತುತ ಲೇಖನವು ಆ ಶಬ್ದಗಳನ್ನೇ ಆಕರವಾಗಿಟ್ಟುಕೊಂಡು ಈ ಸೀಮೆಯ ನಿತ್ಯಜೀವನವನ್ನು ವಿವರಿಸುವ ಪ್ರಯತ್ನವಾಗಿದೆ.

ಈ ಪ್ರದೇಶ ೧೯೪೮ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸರ್ಕಾರಕ್ಕೆ ನೇರ ಕಂದಾಯ ಸಲ್ಲುವ ಖಾಲ್ಸಾ ಭೂಮಿಯ ಜೊತೆಗೆ ಪೈಗಾ ಮತ್ತು ಜಹಗೀರುಗಳೂ ಇದ್ದವು. ಇವು ರದ್ದಾದುದು ೧೯೪೯ರಲ್ಲಿ. ಆಡಳಿತದ ಭಾಷೆ ಉರ್ದು, ಮನೆಮಾತು ಕನ್ನಡ, ಮೂಡಲಿಗೆ ಹೋದಂತೆ ತೆಲುಗಿನ ಬಳಕೆ, ಲೆಕ್ಕಪತ್ರಗಳಲ್ಲಿ ಮರಾಠಿಯ ಮೋಡಿ ಲಿಪಿ. ಊರಿನಲ್ಲಿ ಕಂದಾಯಕ್ಕೆ ಮಾಲಿಪಾಟೀಲ, ಶಾಂತಿಪಾಲನೆಗೆ ಪೊಲೀಸ್ ಪಾಟೀಲ, ಬರವಣಿಗೆಗೆ ಕುಲಕರ್ಣಿ. ಓದುಬರಹವಿಲ್ಲದ ರೈತನ ಪಾಲಿಗೆ ತನ್ನ ಹೊಲದ ಲೆಕ್ಕವೇ ತನಗೆ ತಿಳಿಯದ ಲಿಪಿಯಲ್ಲಿತ್ತು ಎಂಬ ಸಂಗತಿಯನ್ನು ಮುಂದಿನ ವಿವರಣೆಯುದ್ದಕ್ಕೂ ನೆನಪಿಡಬೇಕಾಗುತ್ತದೆ.

ಎರೆಭೂಮಿಯ ಈ ಸೀಮೆಯ ಬದುಕು ಹಿಂಗಾರಿ ಜೋಳದ ಮೇಲೆ ನಿಂತಿತ್ತು. ತೊಗರಿ, ಕಡಲೆ, ಕುಸುಬೆ, ಅಗಸೆ, ಹತ್ತಿ ಇವು ಜೊತೆಯ ಬೆಳೆಗಳು. ಮಳೆಗಾಲದ ಕೊನೆಗೆ ಬಿತ್ತಿದ ಜೋಳ ಮಾಘ-ಫಾಲ್ಗುಣದ ವೇಳೆಗೆ ಕಣಕ್ಕೆ ಬರುತ್ತಿತ್ತು. ಕಣದ ನಡುವೆ ಮೇಟಿ ನೆಟ್ಟು, ತೆನೆ ಹಾಸಿ, ಎತ್ತುಗಳನ್ನು ಸುತ್ತು ತಿರುಗಿಸುವ ಹಂತಿಯ ಕೆಲಸ ರಾತ್ರಿಯೆಲ್ಲ ನಡೆಯುತ್ತಿದ್ದುದರಿಂದಲೇ ಹಂತಿ ಪದಗಳ ಸಂಪತ್ತು ಬೆಳೆಯಿತು. ಜಾನಪದ ವಿದ್ವಾಂಸರು ಹಂತಿ ಪದಗಳನ್ನು ಸಂಗ್ರಹಿಸಿದಷ್ಟು ಆಸಕ್ತಿಯಿಂದ, ಹಾಡು ಮುಗಿದ ಮೇಲೆ ಅದೇ ಕಣದಲ್ಲಿ ನಡೆಯುತ್ತಿದ್ದ ಹಂಚಿಕೆಯನ್ನು ಗಮನಿಸಿಲ್ಲವೆಂಬುದು ನನ್ನ ಅಭಿಪ್ರಾಯ. ರಾಶಿಪೂಜೆಯಾದ ನಂತರ ಅಳೆಯುವವನು ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎಂದು ಎಣಿಕೆ ಆರಂಭಿಸುತ್ತಿದ್ದನು. ಇದನ್ನು ಕೇವಲ ಶುಭಸೂಚಕ ಮಾತೆಂದು ಬಿಡುವಂತಿಲ್ಲ. ಆ ರಾಶಿಯ ಸುತ್ತ ತಮ್ಮ ಪಾಲಿಗಾಗಿ ಕಾದವರು ನಿಂತಿರುತ್ತಿದ್ದರು. ಯಾರ ಲಾಭ ಎಂಬುದು ಅಲ್ಲಿಯೇ ತೀರ್ಮಾನವಾಗಬೇಕಾಗಿತ್ತು.

ಬಡಿಗ, ಕಮ್ಮಾರ, ಕುಂಬಾರ, ಅಗಸ, ಹಡಪದ, ಸಮಗಾರ, ತಳವಾರ, ಜೋಯಿಸ ಮೊದಲಾದ ಆಯಗಾರರು ವರ್ಷವಿಡೀ ಸೇವೆ ಸಲ್ಲಿಸಿ ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದರು. ಹೊಳೆದಂಡೆಯ ಊರುಗಳಲ್ಲಿ ಹರಿಗೋಲು ನಡೆಸುವ ಅಂಬಿಗರೂ ಈ ಸಾಲಿನಲ್ಲಿ ಸೇರುತ್ತಿದ್ದರು. ತೆನೆಯ ಸಿವುಡು ಅಥವಾ ಅಳೆದ ಕಾಳು, ಎರಡೂ ರೂಪದಲ್ಲಿ ಆಯ ಸಲ್ಲುತ್ತಿತ್ತು. ಈ ಪದ್ಧತಿಯನ್ನು ಹಳ್ಳಿಯ ಸ್ವಯಂಪೂರ್ಣತೆಗೂ ಸಾಮರಸ್ಯಕ್ಕೂ ನಿದರ್ಶನವಾಗಿ ಕೊಡುವುದು ನಮ್ಮ ಅಧ್ಯಯನಗಳಲ್ಲಿ ರೂಢಿಯಾಗಿದೆ. ಬಡಿಗ, ಕಮ್ಮಾರರ ಮಟ್ಟಿಗೆ ಅದರಲ್ಲಿ ಸತ್ಯಾಂಶವಿಲ್ಲದಿಲ್ಲ: ಮಳೆ ಕೈಕೊಟ್ಟ ವರ್ಷವೂ ಕೂರಿಗೆ ರಿಪೇರಿಗೆ ಕೈಯಲ್ಲಿ ರೊಕ್ಕ ಬೇಕಾಗುತ್ತಿರಲಿಲ್ಲ. ಆದರೆ ಕಣದ ಸಾಲಿನ ಕೊನೆಯಲ್ಲಿ ನಿಂತ ದಲಿತ ಕುಟುಂಬಗಳಿಗೆ ಅಳತೆಯ ಕಾಳಿಗಿಂತ ಕಣದ ಅಡಿಯಲ್ಲುಳಿದ ಮಣ್ಣು ಬೆರೆತ ಕಾಳೇ ಪಾಲಾಗುತ್ತಿದ್ದುದುಂಟು. ಸತ್ತ ದನ ಸಾಗಿಸುವುದು, ಸರ್ಕಾರಿ ಅಧಿಕಾರಿ ಬಂದಾಗ ಸಾಮಾನು ಹೊರುವುದು, ಊರಿಂದೂರಿಗೆ ಸುದ್ದಿ ಮುಟ್ಟಿಸುವುದು ಇವೆಲ್ಲ ಬಿಟ್ಟಿ ಚಾಕರಿಯ ಲೆಕ್ಕಕ್ಕೆ ಸೇರಿದ್ದವು. ಸಾಲಕ್ಕಾಗಿ ದುಡಿಮೆಯನ್ನು ಒತ್ತೆಯಿಡುವ ಭಗೇಲಾ ಪದ್ಧತಿಯನ್ನು ನಿಯಂತ್ರಿಸಲು ಸಂಸ್ಥಾನವು ೧೯೩೬ರಲ್ಲಿ ನಿಬಂಧನೆ ತಂದದ್ದೇ ಆ ಪದ್ಧತಿಯ ವ್ಯಾಪ್ತಿಗೆ ಸಾಕ್ಷಿ. ಆದುದರಿಂದ ಆಯವನ್ನು ಕುರಿತು ಬರೆಯುವಾಗ, ಯಾರ ಬಾಯಿಂದ ಕೇಳಿ ಬರೆಯುತ್ತಿದ್ದೇವೆ ಎಂಬುದನ್ನು ದಾಖಲಿಸುವುದು ಅವಶ್ಯ. ಕಾಳು ಅಳೆದುಕೊಟ್ಟವರ ಮನೆಯ ನೆನಪು ಒಂದು ಬಗೆ. ಉಡಿಯೊಡ್ಡಿ ನಿಂತವರ ಮನೆಯ ನೆನಪು ಇನ್ನೊಂದು ಬಗೆ.

ಉಳಿದ ಜೋಳ ಹಗೇವಿಗೆ ಹೋಗುತ್ತಿತ್ತು. ನೆಲದಲ್ಲಿ ತೋಡಿ, ಸುತ್ತ ಹುಲ್ಲು ಕಟ್ಟಿ, ಬಾಯಿಯನ್ನು ಕಲ್ಲಿನಿಂದ ಮುಚ್ಚಿ ಮಣ್ಣು ಮೆತ್ತುತ್ತಿದ್ದ ಈ ನೆಲಗಣಜದಲ್ಲಿ ಕಾಳು ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದೊಡನೆ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುವ ಅಪಾಯವಿದ್ದುದರಿಂದ ಮೊದಲು ದೀಪ ಇಳಿಬಿಟ್ಟು ನೋಡುವ ಎಚ್ಚರಿಕೆ ಇತ್ತು. ೧೮೭೬-೭೮ರ ಮಹಾಕ್ಷಾಮವನ್ನು ಕಂಡ ತಲೆಮಾರಿಗೆ ಹಗೇವು ಆಸ್ತಿಯೂ ಹೌದು, ವಿಮೆಯೂ ಹೌದು. ಒಂದು ಮನೆತನದ ಅನುಕೂಲವನ್ನು ಅದರ ಹಗೇವುಗಳ ಸಂಖ್ಯೆಯಿಂದ ಅಂದಾಜಿಸುವ ರೂಢಿ ಕನ್ಯೆ ಕೊಡುವ-ತರುವ ಮಾತುಕತೆಗಳಲ್ಲಿಯೂ ಕಂಡುಬರುತ್ತದೆ.

ಈ ಕಾಳಿನ ಲೋಕದೊಳಕ್ಕೆ ರೊಕ್ಕ ಪ್ರವೇಶಿಸಿದ ಮುಖ್ಯ ದಾರಿ ಕಂದಾಯದ ಕಿಸ್ತು. ಕಂದಾಯವನ್ನು ನಗದಿನಲ್ಲಿಯೇ ಸಲ್ಲಿಸಬೇಕಾಗಿತ್ತು. ಆ ನಗದಾದರೂ ಒಂದೇ ಬಗೆಯದಲ್ಲ. ಸಂಸ್ಥಾನದ ನಾಣ್ಯ 'ಹಾಲಿ ಸಿಕ್ಕಾ'; ಬ್ರಿಟಿಷ್ ರೂಪಾಯಿಗೆ ಜನ 'ಕಲ್ದಾರ' ಎನ್ನುತ್ತಿದ್ದರು. ನೂರು ಕಲ್ದಾರಕ್ಕೆ ೧೧೬ ರೂಪಾಯಿ ೧೦ ಆಣೆ ೮ ಪೈ ಹಾಲಿ ಎಂಬುದು ಅಧಿಕೃತ ದರ. ಅಂದರೆ ಆರು ಕಲ್ದಾರಕ್ಕೆ ಏಳು ಹಾಲಿ. ಈ ವಿನಿಮಯದಲ್ಲಿ ಕಡಿತವಾಗುವ ವಟಾವು ಸಾಹುಕಾರನ ಒಂದು ಸಣ್ಣ ಆದಾಯ. ೧೯೫೦ರ ದಶಕದಲ್ಲಿ ಹಾಲಿ ನಾಣ್ಯ ಚಲಾವಣೆಯಿಂದ ಸರಿದರೂ ಶಬ್ದ ಮಾತ್ರ ಹಿರಿಯರ ಮಾತಿನಲ್ಲಿ ಬಹುಕಾಲ ಉಳಿಯಿತು.

ಕಿಸ್ತು ತುಂಬಲು ರೈತ ಸುಗ್ಗಿಯ ಅಗ್ಗದ ಕಾಲದಲ್ಲಿಯೇ ಜೋಳ ಮಾರುತ್ತಿದ್ದ. ಆಷಾಢದ ವೇಳೆಗೆ ಮನೆಯ ಕಾಳು ತೀರಿ ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದ. ಕಾಳಿನ ಸಾಲಕ್ಕೆ 'ಸವಾಯಿ' ಎಂದರೆ ಒಂದಕ್ಕೆ ಒಂದೂಕಾಲು, 'ದೀಡಿ' ಎಂದರೆ ಒಂದಕ್ಕೆ ಒಂದೂವರೆ. ನಾಲ್ಕಾರು ತಿಂಗಳಿಗೆ ಇದೇ ಭಾರವಾದ ಬಡ್ಡಿ. ಆದರೆ ನಿಜವಾದ ಭಾರ ಖಾತೆಯ ಬರಹದಲ್ಲಿ ಅಡಗಿತ್ತು. ವಿವರಣೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಆಷಾಢದಲ್ಲಿ ರೂಪಾಯಿಗೆ ೧೦ ಸೇರು ಜೋಳವೆಂದೂ ಸುಗ್ಗಿಯಲ್ಲಿ ೧೫ ಸೇರೆಂದೂ ಇಟ್ಟುಕೊಂಡರೆ, ೬೦ ಸೇರು ಒಯ್ದ ರೈತನ ಹೆಸರಿಗೆ ಖಾತೆಯಲ್ಲಿ ೬ ರೂಪಾಯಿ ಬೀಳುತ್ತದೆ. ಸುಗ್ಗಿಯಲ್ಲಿ ಆ ೬ ರೂಪಾಯಿಗೆ ೯೦ ಸೇರು ಅಳೆಯಬೇಕು. ಬಡ್ಡಿಯ ಮಾತೇ ಬರುವ ಮೊದಲು ಇದು ದೀಡಿಯಾಯಿತು. ಅದರ ಮೇಲೆ ಸವಾಯಿ ಸೇರಿದರೆ ೧೧೨½ ಸೇರು. ಕೊಟ್ಟದ್ದು ಕಾಳು, ಬರೆದದ್ದು ರೊಕ್ಕ, ವಸೂಲಾದದ್ದು ಮತ್ತೆ ಕಾಳು. ಈ ಮೂರು ಹಂತಗಳ ನಡುವಿನ ಅಂತರವನ್ನು ಅರಿಯದೆ 'ಬಡ್ಡಿ ಇಷ್ಟೇ ಇತ್ತು' ಎಂದು ದಾಖಲಿಸುವ ಕ್ಷೇತ್ರಕಾರ್ಯ ದಾರಿ ತಪ್ಪುತ್ತದೆ. ೧೯೨೯ರ ನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಧಾನ್ಯದ ಬೆಲೆ ಬಿದ್ದಾಗ ಹಳೆಯ ಖಾತೆಯ ರೂಪಾಯಿಗಳು ಇನ್ನಷ್ಟು ಕಾಳನ್ನು ನುಂಗತೊಡಗಿದವು. ಎಸ್. ಕೇಶವ ಅಯ್ಯಂಗಾರರು ೧೯೨೯-೩೦ರಲ್ಲಿ ಸಂಸ್ಥಾನದ ಹಳ್ಳಿಗಳಲ್ಲಿ ಆರ್ಥಿಕ ತನಿಖೆ ಕೈಗೊಂಡದ್ದು ಇದೇ ಸಂಧಿಕಾಲದಲ್ಲಿ. ಕೃಷಿ ಮಾರುಕಟ್ಟೆಗಳ ಕಾನೂನು ಬಂದುದೂ ಫಸಲಿ ೧೩೩೯ರಲ್ಲಿ, ಅಂದರೆ ೧೯೩೦ರ ಸುಮಾರಿಗೆ. ಅಡತಿ ಅಂಗಡಿಯಲ್ಲಿ ದಲಾಲಿ, ಹಮಾಲಿ, ತೂಕದ ಕೂಲಿ, ಧರ್ಮದ ಹೆಸರಿನ ವಂತಿಗೆ ಎಂದು ಕಳೆಯುತ್ತ ಹೋಗುವ ಕಡಿತಗಳಿಗೆ ಮಿತಿ ಹಾಕುವುದು ಅದರ ಉದ್ದೇಶಗಳಲ್ಲೊಂದು.

ರೊಕ್ಕದ ಎರಡನೆಯ ದಾರಿ ರೈಲು. ವಾಡಿಯಿಂದ ಚಿತ್ತಾಪುರ, ಸೇಡಂ ಮಾರ್ಗವಾಗಿ ಸಿಕಂದರಾಬಾದಿಗೆ ೧೮೭೪ರಲ್ಲಿ ನಿಜಾಮರ ರೈಲು ಆರಂಭವಾಯಿತು. ಇದರ ಮೊದಲ ಪೆಟ್ಟು ಬಿದ್ದದ್ದು ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೂರದ ವ್ಯಾಪಾರ ನಡೆಸುತ್ತಿದ್ದ ಲಂಬಾಣಿಗರಿಗೆ. ವೃತ್ತಿ ಕಳೆದುಕೊಂಡು ಅವರು ಚಿಂಚೋಳಿ, ಚಿತ್ತಾಪುರ ಭಾಗದ ಗುಡ್ಡಗಾಡಿನ ತಾಂಡಾಗಳಲ್ಲಿ ನೆಲೆಯೂರಿ ಕೂಲಿ, ಬೇಸಾಯಕ್ಕೆ ಇಳಿದರು. ಮಗ್ಗದ ಬಟ್ಟೆಯ ಜಾಗಕ್ಕೆ ಗಿರಣಿಯ ಬಟ್ಟೆ ಬಂತು. ಗಾಣದ ಕುಸುಬೆ ಎಣ್ಣೆ ಅಡುಗೆಗೆ ಉಳಿದರೂ ದೀಪಕ್ಕೆ ಸೀಮೆ ಎಣ್ಣೆ ಬಂತು. ಹೊರಗಿನ ಸರಕಿಗೆ ಸಂಸ್ಥಾನದ 'ಕರೋಡಗಿರಿ' ಇಲಾಖೆ ಸುಂಕ ವಿಧಿಸುತ್ತಿತ್ತು. ಇದೇ ರೈಲಿನಿಂದ ಶಹಾಬಾದದ ಹಾಸುಗಲ್ಲಿಗೆ ದೂರದ ಪೇಟೆಗಳು ತೆರೆದವು. ೧೯೨೦ರ ದಶಕದಲ್ಲಿ ಶಹಾಬಾದದಲ್ಲಿ ಸಿಮೆಂಟ್ ಕಾರ್ಖಾನೆಯೂ ತಲೆಯೆತ್ತಿ ೧೯೩೬ರಲ್ಲಿ ಎ.ಸಿ.ಸಿ. ಸಂಸ್ಥೆಯ ಭಾಗವಾಯಿತು. ಕಲ್ಲಿನ ಗಣಿ ಮತ್ತು ಕಾರ್ಖಾನೆಗೆ ದುಡಿಯಲು ಹೋದವನಿಗೆ ದೊರೆತದ್ದು ಸಿವುಡಲ್ಲ, 'ಬಟವಾಡೆ'. ಆಯದ ಸಾಲಿನ ಕೊನೆಯಲ್ಲಿ ನಿಂತಿದ್ದವರಿಗೆ ಈ ಬಟವಾಡೆ ಬಿಡುಗಡೆಯ ಒಂದು ಸಣ್ಣ ದಾರಿಯಾಯಿತು. ರೊಕ್ಕ ಬಂದು ಹಳ್ಳಿ ಕೆಟ್ಟಿತು ಎಂಬ ಮಾತನ್ನು ಪೂರ್ತಿ ಒಪ್ಪಲಾಗದಿರುವುದು ಈ ಕಾರಣಕ್ಕೆ.

ಅಬಕಾರಿಯನ್ನು ಇಲ್ಲಿ ಮರೆಯುವಂತಿಲ್ಲ. ಈಚಲ ಸಿಂದಿಯ ಮಾರಾಟವನ್ನು ಸಂಸ್ಥಾನವು ಗುತ್ತಿಗೆಗೆ ಕೊಡುತ್ತಿದ್ದು, ಅದು ಖಜಾನೆಯ ಬಹುದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಗುತ್ತಿಗೆ ಹಿಡಿದವರ 'ಗುತ್ತೇದಾರ' ಎಂಬ ಹೆಸರು ಈ ಜಿಲ್ಲೆಯಲ್ಲಿ ಇಂದಿಗೂ ಮನೆತನದ ಅಡ್ಡಹೆಸರಾಗಿ ಉಳಿದಿದೆ.

ಸಂತೆ, ಅಂಗಡಿಗಳಿಗಿಂತ ಭಿನ್ನವಾದ ಇನ್ನೊಂದು ವ್ಯಾಪಾರ ಮನೆಯ ಹೊಸ್ತಿಲಲ್ಲಿ ನಡೆಯುತ್ತಿತ್ತು. ಬಳೆಗಾರ, ಕಾಯಿಪಲ್ಲೆಯವಳು, ಗಡಿಗೆ ಮಾರುವ ಕುಂಬಾರಗಿತ್ತಿ, ಕೌದಿ ಹೊಲಿಯುವವರು ಮನೆಯ ಹೆಣ್ಣುಮಕ್ಕಳೊಂದಿಗೆ ವ್ಯವಹರಿಸುತ್ತಿದ್ದರು. ಬೆಲೆ ಸಲ್ಲುತ್ತಿದ್ದುದು ಗಿದ್ನ, ಸೊಲಗಿ, ಸೇರಿನಲ್ಲಿ ಅಳೆದ ಜೋಳದಿಂದ. ಗಂಡಸರ ಕೈಗೆ ಹೋಗದ ಈ ಕಾಳಿನ ಲೆಕ್ಕ ಹೆಣ್ಣುಮಕ್ಕಳ ಸ್ವತಂತ್ರ ವ್ಯವಹಾರದ ಏಕೈಕ ಕ್ಷೇತ್ರವಾಗಿತ್ತೆಂದು ನಾನು ಭಾವಿಸುತ್ತೇನೆ. ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ಮನೆಯಲ್ಲಿ ಎಷ್ಟು ಕಾಳಿದೆ, ಎಷ್ಟು ದಿನಕ್ಕೆ ಸಾಕು ಎಂಬುದು ಯಜಮಾನನಿಗಿಂತ ಮೊದಲು ತಿಳಿಯುತ್ತಿತ್ತು. ಹೊಸ್ತಿಲ ವ್ಯಾಪಾರ ನಾಣ್ಯಕ್ಕೆ ತಿರುಗಿದಂತೆ ಗಂಟಿನ ಬಾಯಿ ಗಂಡಸಿನ ಕೈ ಸೇರಿತು. ಪಲ್ಲೆ ಕೊಳ್ಳಲು ಸಹ ಕೇಳಬೇಕಾಯಿತು. ಗಣಿಗೆ ಹೋದ ಕೂಲಿಕಾರನಿಗೆ ಬಿಡುಗಡೆಯಾದ ರೊಕ್ಕವೇ ಇಲ್ಲಿ ಇನ್ನೊಂದು ಬಗೆಯ ಕಟ್ಟಾಯಿತು. ಬೀಸುವ ಪದಗಳನ್ನು ತವರು, ಗಂಡನ ಮನೆ, ದೈವ ಎಂಬ ವಿಷಯಗಳಲ್ಲಿ ಮಾತ್ರ ವಿಂಗಡಿಸುವ ನಮ್ಮ ಸಂಪಾದನೆಗಳು ಅಳತೆ, ಕೊಡುಕೊಳ್ಳುವಿಕೆಯ ಶಬ್ದಗಳಿಗೂ ಒಂದು ಸೂಚಿಯನ್ನು ಸೇರಿಸಿದ್ದರೆ ಈ ಮಾತನ್ನು ಇನ್ನಷ್ಟು ಖಚಿತವಾಗಿ ಹೇಳಬಹುದಾಗಿತ್ತು.

ಕೊನೆಯದಾಗಿ ಆಕರಗಳ ಬಗ್ಗೆ ಒಂದು ಮಾತು. ಹಳೆಯ ಸಾಹುಕಾರ ಮನೆಗಳ ಅಟ್ಟದಲ್ಲಿ ಕೆಂಪು ರಟ್ಟಿನ ಖಾತೆಪುಸ್ತಕಗಳು ಇನ್ನೂ ಅಲ್ಲಲ್ಲಿ ದೊರೆಯುತ್ತವೆ. ಮನೆ ಕೆಡವಿ ಕಟ್ಟುವಾಗ ಅವು ರದ್ದಿಗೆ ಹೋಗುತ್ತಿವೆ. ಮೋಡಿ ಓದಬಲ್ಲವರು ವಿರಳವಾಗಿದ್ದಾರೆ. ಸಂಗ್ರಹಿಸಿದ ಪುಸ್ತಕವನ್ನು ಓದಿಸಲು ಬೇರೆ ಜಿಲ್ಲೆಗೆ ಒಯ್ಯಬೇಕಾದ ಪ್ರಸಂಗ ಬರುತ್ತದೆ. ಅಂಥ ಖಾತೆ ಕೈಗೆ ಸಿಕ್ಕಾಗ ಅದರ ಮೇಲಿನ ವರ್ಷ ಫಸಲಿಯೋ ಶಕವೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆರಂಭವಾಗುತ್ತಿದ್ದುದರಿಂದ, ಅದಕ್ಕೆ ೫೯೧ ಕೂಡಿಸಿದರೆ ಸುಗ್ಗಿಯ ತಿಂಗಳುಗಳ ಇಸವಿ ಸರಿಯಾಗಿ ಬರುತ್ತದೆ. ವರ್ಷಾರಂಭದ ಮೂರು ತಿಂಗಳ ನಮೂದುಗಳಿಗೆ ೫೯೦ ಕೂಡಿಸಬೇಕು. ಅಳತೆಯ ಕಾಲಮಿನಲ್ಲಿ ಬರುವ 'ಪಲ್ಲ' ೧೨೦ ಸೇರಿನದು. ಹಾಲಿಯೋ ಕಲ್ದಾರವೋ ಎಂಬುದನ್ನು ಬರೆಯದೆ ಬಿಟ್ಟಿರುವ ಪುಟಗಳೂ ಇರುತ್ತವೆ. ಅಲ್ಲಿ ಮಾತ್ರ ಆ ಮನೆಯವರನ್ನೇ ಕೇಳಬೇಕು, ಕೇಳಲು ಯಾರಾದರೂ ಉಳಿದಿದ್ದರೆ.