ಡಾಕ್ಟರ್ ಬೆಳಗಾವಿಗೆ ಹೋದ್ರು, ರೋಗಿ?

ಬಿಲ್ ಕಟ್ಟಲಿಲ್ಲ ಅಂತ
ಖಾಸಗಿ ಆಸ್ಪತ್ರೆಯವರು ಹೆಣ ಇಟ್ಕೋಬಹುದಾ?

ಕರ್ನಾಟಕದಾಗ ಇಟ್ಕೊಳ್ಳೋ ಹಂಗಿಲ್ಲ.
2017ರಾಗ ತಿದ್ದುಪಡಿಯಾದ ಕಾನೂನೇ ಹೇಳತೈತಿ.
ಆದ್ರ ಆ ಕಾನೂನು ಇನ್ನೂ ಗಟ್ಟಿ ಆಗಬೇಕಿತ್ತು.

ನವೆಂಬರ್ 2017.
ಬೆಳಗಾವಿ ಅಧಿವೇಶನ.
ಆರೋಗ್ಯ ಸಚಿವ ರಮೇಶ್ ಕುಮಾರ್ ತಂದ ಆ ತಿದ್ದುಪಡಿ ಮಸೂದೆ.
ಖಾಸಗಿ ಆಸ್ಪತ್ರೆ ದರಕ್ಕ ಸರ್ಕಾರದ ಮಿತಿ.
ಮೀರಿದ್ರ ಜೈಲು!

ಡಾಕ್ಟರ್‌ಗಳು ಸಿಡಿದೆದ್ರು.
ಸಾವಿರಾರು ಮಂದಿ ಬೆಳಗಾವಿಗೆ ಬಂದ್ರು.
ರಾಜ್ಯದ ತುಂಬ ಖಾಸಗಿ ಒಪಿಡಿ ಬಂದ್.
ಹುನಗುಂದದಿಂದ, ಬಾದಾಮಿಯಿಂದ
ಕೈಯಾಗ ಹಳೇ ಚೀಟಿ, ಎಕ್ಸ್‌ರೇ ಹಿಡ್ಕೊಂಡು
ಬಾಗಲಕೋಟೆ ಬಸ್ ಹತ್ತೋರ ಪಾಡು
ನೀವೇ ಯೋಚನೆ ಮಾಡ್ರಿ.

ಮುಖ್ಯಮಂತ್ರಿ ಸಿದ್ದರಾಮಯ್ಯ ಮಾತುಕತೆಗೆ ಕೂತ್ರು.
ಮುಷ್ಕರ ನಿಂತು, ಮಸೂದೆ ಪಾಸಾಯ್ತು.
ಆದ್ರ ದರ ಮೀರಿದ್ದಕ್ಕ ಜೈಲು? ಹೋಯ್ತು.
ದರದ ಮಿತಿ?
ಸರ್ಕಾರಿ ಯೋಜನೆ ರೋಗಿಗಳಿಗಷ್ಟೇ ಉಳೀತು.

ಜೈಲಿನ ಬಗ್ಗೆ ಡಾಕ್ಟರ್‌ಗಳ ಭಯ ಸುಳ್ಳಲ್ಲ.
ಆದ್ರೂ ದರದ ವಿಷಯದಾಗ ರೋಗಿ ಸೋತ, ಇದು ನನ್ನ ಮಾತು.
ಜನಾರೋಗ್ಯ ಚಳವಳಿಯವರು ಮಸೂದೆ ಪರ ಹೋರಾಡಿದ್ರು.
ಅವರ ಬೆನ್ನಿಗೆ ನಾವು ಎಷ್ಟು ಮಂದಿ ನಿಂತ್ವಿ?

ಮಸೂದೆ ಅಂದ್ರ ಮಗ್ಗದ ಮ್ಯಾಲಿನ ಇಳಕಲ್ ಸೀರಿ.
ನೇಯುವಾಗ ಎಳಿ ಬದಲಿಸಬಹುದು.
ಮಡಚಿಟ್ಟ ಮ್ಯಾಲ ಆಗಂಗಿಲ್ಲ.

ಮುಂದಿನ ಆರೋಗ್ಯ ಮಸೂದೆ ಬಂದಾಗ,
ವೋಟಿಗೆ ಮೊದಲೇ
ನಿಮ್ಮ ಎಮ್ಮೆಲ್ಲೆ ಆಫೀಸಿಗೆ ಹೋಗ್ರಿ.
ಬೇಕು ಅಂದ್ರ ಬೇಕು, ಬ್ಯಾಡ ಅಂದ್ರ ಬ್ಯಾಡ,
ಬರೆದು ಕೊಟ್ಟು ಬರ್ರಿ.