ಬಿಸಿಲಿರುವಾಗಲೇ ಕಾಯಿಪಲ್ಲೆ ಒಣಗಿಸಿಡಿರಿ

ಮಿರಗದ ಮಳೆ ಬಿತ್ತೆಂದರೆ ಒಕ್ಕಲಿಗನಿಗೆ ಹೊಲದ ಹೊರತು ಬೇರೆ ಧ್ಯಾನವಿರದು. ಆದರೆ ಮಳೆ ಬಿದ್ದ ಮರುದಿನವೇ ಹಿತ್ತಲಲ್ಲಿ ಕಾಯಿ ತೂಗುವುದಿಲ್ಲ. ಬೀಜ ಊರಿದ ಮೇಲೆ ಚವಳಿಕಾಯಿ ಕೈಗೆ ಬರಲು ಒಂದೂವರೆಯಿಂದ ಎರಡು ತಿಂಗಳು ಬೇಕು; ಬದನೆಗೆ ಅದಕ್ಕೂ ಹೆಚ್ಚು. ಮೇಲಾಗಿ ಡಫಳಾಪುರದ ಸುತ್ತಿನ ನಮ್ಮ ಜತ್ತ ಸೀಮೆ ಮಳೆ ಕಡಿಮೆಯ ನಾಡು. ಇಲ್ಲಿ ನೆಚ್ಚಬಹುದಾದ ಮಳೆಯೆಂದರೆ ಉತ್ತರೆ, ಹಸ್ತದ ಹಿಂಗಾರು ಮಳೆ. ಮ್ಹೈಸಾಳ ಏತ ನೀರಾವರಿಯ ನೀರು ಮುಟ್ಟಿದ ಊರಿನ ಮಾತು ಬೇರೆ; ಉಳಿದವರು ಆಷಾಢ, ಶ್ರಾವಣಗಳಲ್ಲಿ ಸಂತೆಯ ದುಬಾರಿ ಕಾಯಿಪಲ್ಲೆಯನ್ನೇ ಕಾಯಬೇಕಾಗುವುದು. ಇಲ್ಲವೆ ಬರಿಯ ಖಾರ ರೊಟ್ಟಿಯಲ್ಲಿ ದಿನ ನೂಕಬೇಕು. ಈ ಎರಡು ಮೂರು ತಿಂಗಳ ಕೊರತೆಯನ್ನು ತುಂಬುವ ಸಾಧನವೊಂದು ನಮ್ಮ ಕೈಯಲ್ಲಿಯೇ ಇದೆ. ಅದು ವೈಶಾಖದ ಬಿಸಿಲು.

ಮೊದಲು ಹಿತ್ತಲಿನ ಮಾತು. ಬೇಸಗೆಯ ಕೊನೆಗೆ ಬಾವಿಯ ತಳ ಕಾಣುವಾಗ ಹೊಸ ಮಡಿ ಮಾಡಹೋಗಬಾರದು. ಇದ್ದ ಗಿಡಗಳನ್ನು ಉಳಿಸಿಕೊಂಡರೆ ಸಾಕು. ಬುಡಕ್ಕೆ ಕಣಿಕೆಯ ತುಂಡು ಅಥವಾ ಒಣ ಎಲೆಯನ್ನು ನಾಲ್ಕು ಬೆರಳು ದಪ್ಪ ಹರವಿರಿ. ನೀರನ್ನು ಸಂಜೆಯೇ ಹಾಕಿರಿ. ಹಗಲು ಹಾಕಿದ ನೀರಿನಲ್ಲಿ ಬಹುಪಾಲು ಬಿಸಿಲಿನ ಪಾಲಾಗುವುದು. ಸಾಬೂನು ಬೆರೆತ ಬಚ್ಚಲ ನೀರು ನುಗ್ಗೆ, ಬಾಳೆಗಳಿಗೆ ಹೋಗಲಿ. ತಪ್ಪಲ ಪಲ್ಲೆಗೆ ಬೇಡ. ಚೆನ್ನಾಗಿ ಕಾಯಿ ಬಿಟ್ಟ, ರೋಗವಿಲ್ಲದ ಒಂದೆರಡು ಗಿಡಗಳನ್ನು ಬೀಜಕ್ಕೆಂದು ಗುರುತಿಸಿ ಬಿಡಿರಿ. ಅವುಗಳ ಕಾಯಿ ಗಿಡದಲ್ಲಿಯೇ ಬಲಿತು ಹಣ್ಣಾಗಲಿ. ಬೀಜವನ್ನು ಉರಿಬಿಸಿಲಿನಲ್ಲಿ ಕಾದ ಕಲ್ಲಿನ ಮೇಲೆ ಒಣಗಿಸದೆ ಎಳೆಬಿಸಿಲಿನಲ್ಲಿ ಒಣಗಿಸಿ, ಒಣ ಬೂದಿ ಬೆರೆಸಿ ಗಡಿಗೆಯಲ್ಲಿಡಿರಿ.

ಇನ್ನು ಒಣಗಿಸುವ ಕ್ರಮ. ಚವಳಿಕಾಯಿಯಲ್ಲಿ ನೂರಕ್ಕೆ 80 ಪಾಲು ನೀರೇ ಇರುವುದು. ಐದು ಕಿಲೋ ಹಸಿ ಕಾಯಿ ಒಣಗಿದಾಗ ಸುಮಾರು ಒಂದು ಕಿಲೋಕ್ಕೆ ಇಳಿಯುವುದು. ನೀರು ಹೋದರೆ ಬೂಷ್ಟಿಗೆ ಬದುಕಲು ಆಸ್ಪದವಿಲ್ಲ. ಒಣಗಿಸುವುದರ ಗುಟ್ಟೆಲ್ಲ ಇಷ್ಟೇ. ಎಳೆಯ ಕಾಯಿಗಳನ್ನೇ ಆರಿಸಿ, ತೊಳೆದು, ತುದಿ ಮುರಿದು, ಅರಿವೆಯಲ್ಲಿ ಗಂಟು ಕಟ್ಟಿ ಕುದಿಯುವ ನೀರಿನಲ್ಲಿ ಮೂರು ನಿಮಿಷ ಅದ್ದಿ ತೆಗೆಯಿರಿ. ಇದರಿಂದ ಕಾಯಿಯೊಳಗೆ ಬಣ್ಣ, ರುಚಿಗಳನ್ನು ಕೆಡಿಸುವ ಕ್ರಿಯೆ ನಿಲ್ಲುವುದು, ಒಣಗುವುದೂ ಬೇಗ. ಅದೇ ನೀರಿನಲ್ಲಿ ನಾಲ್ಕಾರು ಗಂಟು ಅದ್ದಬಹುದು. ಆರಿದ ಮೇಲೆ ಆ ನೀರು ಗಿಡದ ಬುಡಕ್ಕಾಗಲಿ. ಬದನೆಕಾಯಿಯನ್ನು ಹೆಚ್ಚಿದೊಡನೆ ಉಪ್ಪುನೀರಿನಲ್ಲಿ ಹಾಕಿದರೆ ಕಪ್ಪಾಗದು.

ಕಾಯಿಯನ್ನು ನೆಲದ ಮೇಲೆ ಹರವಬೇಡಿರಿ. ಮಾಳಿಗೆಯ ಮೇಲೆ ಹೊರಸು ಹಾಕಿ, ಶುಭ್ರ ಅರಿವೆಯ ಮೇಲೆ ತೆಳ್ಳಗೆ ಹರವಿ, ನೊಣ ಧೂಳು ಮುಟ್ಟದಂತೆ ತೆಳು ಅರಿವೆ ಹೊದಿಸಿರಿ. ಕೆಳಗಿನಿಂದಲೂ ಗಾಳಿ ಆಡಬೇಕು. ಸಂಜೆಗೆ ಒಳಗೆ ತರಲು ಮರೆಯಬಾರದು. ಈ ದಿನಗಳಲ್ಲಿ ಅಡ್ಡಮಳೆ ಹೇಳಿ ಕೇಳಿ ಬರುವುದಿಲ್ಲ. ಮೆಂತೆ, ನುಗ್ಗೆಯಂಥ ತಪ್ಪಲನ್ನು ಮಾತ್ರ ಬಿಸಿಲಿಗೆ ಹಾಕದೆ ನೆರಳಿನಲ್ಲಿಯೇ ಒಣಗಿಸಬೇಕು. ಕಣ್ಣಿಗೆ ಹಿತವಾದ ‘ಎ’ ಜೀವಸತ್ವಕ್ಕೆ ಆಧಾರವಾದ ಅಂಶ ಬಿಸಿಲಿಗೆ ನಾಶವಾಗುವುದು. ನಮ್ಮ ಸಾಂಗಲಿ ಜಿಲ್ಲೆಯ ಬೇದಾಣೆ ಶೆಡ್ಡುಗಳನ್ನು ನೋಡಿರಿ: ದ್ರಾಕ್ಷಿಯ ಹಸಿರು ಬಣ್ಣ ಉಳಿಯಲೆಂದು ನೆರಳಿನಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಗಾಳಿಗೆ ಒಣಗಿಸುತ್ತಾರೆ. ಲಕ್ಷಗಟ್ಟಲೆ ರೂಪಾಯಿಯ ಆ ವ್ಯವಹಾರದ ಯುಕ್ತಿ ಮನೆಯ ನುಗ್ಗೆ ತಪ್ಪಲಿಗೂ ಸಲ್ಲುವುದು.

ಒಣಗಿತೆಂದು ತಿಳಿಯುವುದು ಹೇಗೆ? ಕಾಯಿಯನ್ನು ಬಗ್ಗಿಸಿದರೆ ಬಾಗದೆ ಲಟಕ್ಕನೆ ಮುರಿಯಬೇಕು. ತಪ್ಪಲು ಅಂಗೈಯಲ್ಲಿ ಪುಡಿಯಾಗಬೇಕು. ಬಿಸಿಯಿರುವಾಗ ತುಂಬಿದರೆ ಒಳಗೆ ಬೆವರುವುದು. ಪೂರ್ತಿ ಆರಿದ ಬಳಿಕವೇ ಗಾಜಿನ ಬರಣಿಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿರಿ. ನಾಲ್ಕು ದಿನ ಬಿಟ್ಟು ನೋಡಿರಿ. ಒಳಮೈಯಲ್ಲಿ ನೀರಹನಿ ಕಂಡರೆ ಮತ್ತೊಮ್ಮೆ ಬಿಸಿಲು ಕಾಯಿಸಿರಿ. ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆಯಾದರೂ ಕಣ್ಣಾಡಿಸಬೇಕು.

ಇಲ್ಲಿ ಒಂದು ಎಚ್ಚರಿಕೆ. ಮೆಣಸಿನಕಾಯಿಗೋ ಶೇಂಗಾಕ್ಕೋ ಬೂಷ್ಟು ಹಿಡಿದಾಗ, “ಒರೆಸಿದರಾಯಿತು, ಹುರಿದರಾಯಿತು” ಎನ್ನುವವರುಂಟು. ಇದು ತಪ್ಪು. ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುವವು. ಅದು ತೊಳೆದರೆ ಹೋಗದು, ಮನೆಯ ಅಡಿಗೆಯ ಬೆಂಕಿಗೂ ಪೂರ್ತಿ ಅಳಿಯದು. ಬಹುಕಾಲ ಹೊಟ್ಟೆಗೆ ಹೋದರೆ ಯಕೃತ್ತನ್ನು ಕೆಡಿಸುವುದು. ಆದ್ದರಿಂದ ಬೂಷ್ಟು ಹಿಡಿದುದನ್ನು ದನಕ್ಕೂ ಹಾಕದೆ ಹೂಳಿಬಿಡಿರಿ. ನಷ್ಟವಾಯಿತೆಂದು ಮರುಗಬೇಡಿರಿ, ಔಷಧದ ವೆಚ್ಚ ಅದಕ್ಕಿಂತ ದೊಡ್ಡದು.

ಮಾವಿನ ಉಪ್ಪಿನಕಾಯಿಗೂ ಇದೇ ಲೆಕ್ಕ. ಒಂದು ಕಿಲೋ ಹೋಳಿಗೆ 150ರಿಂದ 200 ಗ್ರಾಂ ಉಪ್ಪು ಬೇಕು. ಕಾಯುವುದು ಉಪ್ಪು ಮತ್ತು ಹುಳಿ. ಮೇಲೆ ನಿಂತ ಎಣ್ಣೆ ಗಾಳಿಯನ್ನು ತಡೆಯುವುದು. ಹೋಳು ಎಣ್ಣೆಯಿಂದ ಮೇಲೆ ತೇಲಬಾರದು, ಒದ್ದೆ ಸೌಟು ಒಳಗೆ ಹೋಗಬಾರದು.

ಒಣಗಿದ ಚವಳಿಕಾಯಿಯನ್ನು ಅಡಿಗೆಗೆ ಮುಂಚೆ ಒಂದು ತಾಸು ಬಿಸಿನೀರಿನಲ್ಲಿ ನೆನೆಯಿಟ್ಟು, ಅದೇ ನೀರಿನಲ್ಲಿ ಬೇಯಿಸಿ, ಶೇಂಗಾ ಪುಡಿ ಹಾಕಿ ಪಲ್ಲೆ ಮಾಡಿರಿ. 1972ರ ಬರ ಕಂಡ ಹಿರಿಯರಿಗೆ ಇಂಥ ಕೂಡಿಟ್ಟ ಅನ್ನದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಶಾವಿಗೆ, ಸಂಡಿಗೆಗೆಂದು ಮಾಳಿಗೆ ಏರುವ ತಾಯಂದಿರು ಈ ಸಲ ಇನ್ನೊಂದು ಹೊರಸು ಹೆಚ್ಚಿಗೆ ಹಾಕಲಿ. ಹೊರಸು ಹೊತ್ತು ಮಾಳಿಗೆಗೆ ಏರಿಸುವ ಕೆಲಸ ಗಂಡಸರದಾಗಲಿ.